ಮಂಗಳವಾರದ ತಲೆ

ಎರಡು ಸುಳಿ, ಮುಂದಿನ ಸೀಟಿನವನ ನೆತ್ತಿಯ ಹಿಂಭಾಗದಲ್ಲಿ ಎರಡು ಸುಳಿ, ಒಂದು ಎಡಕ್ಕೆ ತಿರುಗಿ ಇನ್ನೊಂದು ಬಲಕ್ಕೆ ತಿರುಗಿ ನಡುವಿನ ನಾಲ್ಕು ಕೂದಲು ಎತ್ತ ಹೋಗಬೇಕೆಂದು ತಿಳಿಯದೆ ನೆಟ್ಟಗೆ ನಿಂತಿವೆ, ಎರಡು ಸುಳಿಯವನಿಗೆ ಎರಡು ಮದುವೆ ಅಂತಾರೆ, ಇಪ್ಪತ್ತು ವರ್ಷ ಕತ್ತರಿ ಹಿಡಿದ ನಾನು ಕಂಡ ಎರಡು ಸುಳಿಯವರಲ್ಲಿ ಮುಕ್ಕಾಲು ಪಾಲಿಗೆ ಒಂದು ಹೆಣ್ಣು ಸಿಗುವುದೇ ಕಷ್ಟವಾಗಿತ್ತು, ಇವನಿಗೆ ಕತ್ತರಿ ಆಡಿಸಿದವನು ಯಾರೋ, ಬಲಗಿವಿಯ ಹಿಂದೆ ಮೆಟ್ಟಿಲು ಬಿಟ್ಟಿದ್ದಾನೆ, ಅವಸರದ ಕೈ, ಗಿರಾಕಿ ತುಂಬಿದ ಭಾನುವಾರದ ಕೈ — ಚನ್ನಗಿರಿಯಲ್ಲಿ ಬಸ್ಸು ಹತ್ತಿದಾಗಿನಿಂದ ಈ ತಲೆಯನ್ನೇ ಓದುತ್ತ ಬಂದಿದ್ದೇನೆ, ಬೇರೆಯವರು ಮುಖ ನೆನಪಿಟ್ಟುಕೊಳ್ಳುತ್ತಾರೆ, ನನಗೆ ನೆನಪಿರುವುದು ನೆತ್ತಿ, ಯಾರಿಗೆ ಎಲ್ಲಿ ಗಾಯದ ಗುರುತು, ಯಾರಿಗೆ ಎಲ್ಲಿ ಕೂದಲು ಹಿಂದೆ ಸರಿಯುತ್ತಿದೆ, ಹೆಂಡತಿಗೂ ಗೊತ್ತಿಲ್ಲದ್ದು ನನಗೆ ಗೊತ್ತು. ಹಿಂದೆ ಕೂತವನು ನನ್ನ ತಲೆಯನ್ನು ಹೀಗೇ ಓದುತ್ತಿದ್ದರೆ? ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿ ಕೂರುತ್ತೇನೆ. ಹೊನ್ನಾಳಿ ಸೇತುವೆ ಬಂತು, ಹೊಳೆಯ ಮೇಲಿನ ಗಾಳಿ ಗಾಜಿನ ಸಂದಿಯಲ್ಲೇ ಸಿಳ್ಳೆ ಹಾಕುತ್ತದೆ, ಪಕ್ಕದ ಹೆಂಗಸು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅಣ್ಣಾ, ಆ ಗಾಜು ಒಂಚೂರು ಸರಸ್ರಿ, ಉಸಿರು ಕಟ್ಟಿದಂಗೆ ಆಗ್ತೈತೆ ಅಂತಾಳೆ, ಗಾಜು ಬಿಗಿ ಹಿಡ್ದೈತಮ್ಮಾ ಅಂತೀನಿ, ಮುಟ್ಟಿಯೂ ನೋಡದೆ, ಅವಳು ನನ್ನ ಮುಖ ನೋಡಿ ಸೆರಗು ಬೀಸಿಕೊಳ್ಳುತ್ತಾಳೆ. ನನ್ನ ನೆತ್ತಿಯ ಮೇಲಿನ ಒಂದು ಚಿಟಿಕೆ ಪುಡಿಗಾಗಿ ಒಬ್ಬ ಹೆಂಗಸಿನ ಗಾಳಿ ಕಸಿದೆ. ಗಾಳಿಗೆ ಅಲ್ಲಾಡದು ಎಂದು ಡಬ್ಬಿಯ ಮೇಲೆ ಬರೆದಿದೆ, ಬರೆದವನು ಹೊನ್ನಾಳಿ ಸೇತುವೆ ಕಂಡವನಲ್ಲ.

ಎಂಥ ವಿಚಿತ್ರ ವಸ್ತು ಅದು, ಮೊದಲು ನನ್ನ ಕೈಗೆ ಬಂದದ್ದು ಸಂತೇಬೆನ್ನೂರಿನ ಒಬ್ಬ ಮದುಮಗನಿಂದ, ಮದುವೆಯ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಇಳಿಸಿ ಕೂತು ಜೇಬಿನಿಂದ ಡಬ್ಬಿ ತೆಗೆದು ಅಣ್ಣಾ ಇದನ್ನ ಹಾಕಾಕೆ ಬರ್ತೈತಾ ಅಂದಿದ್ದ, ಸಾರಿಗೆ ಮೆಣಸಿನ ಪುಡಿ ಉದುರಿಸಿದ ಹಾಗೆ ನೆತ್ತಿಯ ಮೇಲೆ ಉದುರಿಸಿದೆ, ಕರಿ ಹಿಟ್ಟು, ಬರಿಗಣ್ಣಿಗೆ ಹಿಟ್ಟು, ಆದರೆ ಬೆರಳಲ್ಲಿ ಉಜ್ಜಿದರೆ ಸಣ್ಣ ಸಣ್ಣ ಎಳೆ, ಉಳಿದಿರುವ ಕೂದಲಿಗೆ ಅದಾಗಿಯೇ ಹೋಗಿ ಅಂಟಿಕೊಳ್ಳುತ್ತದೆ, ಒಂದು ಕೂದಲು ಹತ್ತರಷ್ಟು ದಪ್ಪವಾಗಿ ಚರ್ಮ ಮಾಯ, ಕನ್ನಡಿಯಲ್ಲಿ ಮದುಮಗನಿಗೆ ಕಣ್ಣಲ್ಲಿ ನೀರೇ ಬಂತು, ನಾನು ಅವನ ಖುಷಿಗಿಂತ ಹೆಚ್ಚಾಗಿ ಆ ಪುಡಿಯನ್ನೇ ನೋಡುತ್ತಿದ್ದೆ, ಇದೇನಿದು, ಯಾತರಿಂದ ಮಾಡಿದ್ದಾರೆ, ಅವನು ಬಿಟ್ಟುಹೋದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಬೆಂಕಿಕಡ್ಡಿ ಗೀರಿದೆ, ಬಂದದ್ದು ಕೂದಲು ಸುಟ್ಟ ವಾಸನೆ, ಆ ವಾಸನೆ ನನಗೆ ಮೋಸ ಮಾಡುವುದಿಲ್ಲ, ಕುರಿಯ ಉಣ್ಣೆಯೋ ಮನುಷ್ಯರದ್ದೋ, ನನ್ನ ಅಂಗಡಿಯ ನೆಲದಿಂದ ಗುಡಿಸಿ ಚೀಲ ತುಂಬಿಸಿ ಒಯ್ಯುವ ಆ ಗಾಡಿಯವನು ಅದನ್ನೆಲ್ಲ ಎಲ್ಲಿಗೆ ಕೊಡುತ್ತಾನೋ, ನಾನೇ ಕತ್ತರಿಸಿದ್ದು ದೇಶ ಸುತ್ತಿ ಡಬ್ಬಿಯೊಳಗೆ ಕೂತು ನನ್ನ ನೆತ್ತಿಗೇ ಮರಳಿ ಬಂದಿದ್ದರೆ? ಇಲ್ಲದಿರಬಹುದು, ಆದರೆ ನಾನೂ ಪುಡಿ ಹಾಕಿಕೊಳ್ಳತೊಡಗಿದ ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಯೋಚನೆ, ಇವತ್ತು ಯಾರ ತಲೆ ನನ್ನ ತಲೆಯ ಮೇಲೆ. ಹೆಂಡತಿ ಪ್ರಮೀಳಾ ಒಂದು ದಿನ ದಿಂಬಿನ ಚೀಲ ಎತ್ತಿ ಹಿಡಿದಿದ್ದಳು, ರೀ, ತಲೇಲಿ ಒಲೆ ಹಚ್ಚಿದ್ರೇನು, ಇದ್ದಿಲು ಬಿದ್ದಂಗೆ ಐತಲ್ಲ, ಹೇಳಬೇಕಾಯಿತು, ನಗುತ್ತಾಳೆ ಅಂದುಕೊಂಡೆ, ನಕ್ಕಳು, ಆಮೇಲೆ ಹತ್ತಿರ ಬಂದು ಬೈತಲೆ ಬಗ್ಗಿಸಿ ತೋರಿಸಿದಳು, ನಂದೂ ಅಗಲ ಆಗೈತೆ ನೋಡ್ರಿ, ಇಲ್ಲಿಗೊಂಚೂರು ಹಾಕ್ರಿ, ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಯ ನೆತ್ತಿಯನ್ನು ಅವತ್ತು ಮೊದಲ ಸಲ ನೋಡಿದೆ, ಊರವರ ನೆತ್ತಿಯೆಲ್ಲ ಬಾಯಿಪಾಠ.

ಕನ್ನಡಿಯದ್ದೇ ಎಲ್ಲ ತಪ್ಪು, ಗಿರಾಕಿ ಕುರ್ಚಿಯಲ್ಲಿ ಕೂತು ತನ್ನ ಮುಖ ನೋಡಿಕೊಳ್ಳುತ್ತಾನೆ, ಅದರ ಮೇಲೆಯೇ ನನ್ನ ಮುಖ, ಅವನ ಕಿವಿಯ ಅಂಚು ಸರಿಮಾಡಲು ಬಗ್ಗಿದರೆ ನನ್ನ ನೆತ್ತಿ ಅವನ ಕಣ್ಣಿಗೆ ನೇರ, ಕೆರೆಬಿಳಚಿಯ ಆ ಅಡಿಕೆ ವ್ಯಾಪಾರಿ ಬಸವರಾಜಪ್ಪ ಎಲ್ಲರೆದುರು ಹೇಳಿದ್ದು, ಏನೋ ಕೊಟ್ರೇಶಿ, ಕೂದಲು ನಿಲ್ಲಾಕೆ ನನಗೆ ಎಣ್ಣೆ ಮಾರ್ತೀಯ, ನಿನ್ನ ಹೊಲದಾಗೇ ಬೆಳೆ ಇಲ್ವಲ್ಲೋ, ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ನಗುವುದು ನಮ್ಮ ಕಸುಬಿನ ಭಾಗ, ಬಸವರಾಜಪ್ಪನ ತಲೆ ಬಿಂದಿಗೆಯ ಹಾಗೆ ಹೊಳೆಯುತ್ತದೆ, ಅದಕ್ಕೆ ಯಜಮಾನಿಕೆಯ ಕಳೆ ಎನ್ನುತ್ತಾರೆ, ಹೆಡ್ ಮಾಸ್ತರರ ಬೋಳಿಗೆ ಓದಿನ ಗುರುತು ಎನ್ನುತ್ತಾರೆ, ನನ್ನ ಬೋಳಿಗೆ ಮಾತ್ರ ಕಸುಬು ಬಾರದವನ ಗುರುತು, ಒಂದೇ ಚರ್ಮ, ಒಂದೇ ಬಿಸಿಲು, ಮೂರು ಹೆಸರು, ಯಾರು ಇಟ್ಟರು ಈ ಹೆಸರುಗಳನ್ನು? ನನ್ನ ಅಂಗಡಿಯ ಗೋಡೆಗೆ ಅಂಟಿಸಿರುವ ಹನ್ನೆರಡು ಚೆಂದದ ಗಂಡಸರಲ್ಲಿ ಒಬ್ಬನೂ ನಮ್ಮ ಕಡೆಯವನಲ್ಲ, ಒಬ್ಬನೂ ನಮ್ಮ ಬಣ್ಣದವನಲ್ಲ, ಗೋಡೆಗೆ ಅಂಟಿಸಿದವನು ನಾನೇ. ಅಪ್ಪ ದನದ ಕೊಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗೌಡರ ತಲೆ ಮಾಡುತ್ತಿದ್ದ, ಮುಗಿದ ಮೇಲೆ ಅವರು ಸ್ನಾನ ಮಾಡಿ ಒಳಗೆ ಹೋಗುತ್ತಿದ್ದರು, ಬೆಳಿಗ್ಗೆ ದಾರಿಯಲ್ಲಿ ಅಪ್ಪ ಎದುರಾದರೆ ವಾಪಸ್ ಹೋಗಿ ನೀರು ಕುಡಿದು ಮತ್ತೆ ಹೊರಡುವವರಿದ್ದರು, ನಮ್ಮ ಕಸುಬಿನ ಹೆಸರು ಅವರ ಬಾಯಲ್ಲಿ ಬೈಗುಳ, ಇವತ್ತಿಗೂ. ಅದಕ್ಕೇ ಹನ್ನೆರಡು ವರ್ಷದ ಹಿಂದೆ ನಮ್ಮ ಕಸುಬಿನವರ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದ್ದು, ಮಂಗಳವಾರ ಅಂಗಡಿಗಳಿಗೆ ರಜೆ, ಆ ದಿನ ನಾವು ನಾಲ್ಕು ಊರಿನವರು ಒಂದು ಕಡೆ ಸೇರೋಣ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಪೇಪರು ಓದೋಣ, ಪುಸ್ತಕ ಓದೋಣ, ನಮ್ಮ ತಲೆಯನ್ನು ನಮ್ಮವರ ಕೈಗೇ ಕೊಡೋಣ, ಹೊಲಸು ಅಂದವರ ಮುಂದೆ ಬಗ್ಗಿದ್ದು ಸಾಕು, ಒಬ್ಬರಿಗೊಬ್ಬರು ಬಗ್ಗೋಣ. ಎಷ್ಟು ಚಪ್ಪಾಳೆ. ಅವತ್ತಿನಿಂದ ನನ್ನ ತಲೆ ನ್ಯಾಮತಿಯ ಮಾಲತೇಶನ ಕೈಯಲ್ಲಿ, ಅವನದ್ದು ನನ್ನ ಕೈಯಲ್ಲಿ.

ಎಂಟು ತಿಂಗಳಿಂದ ಮಂಗಳವಾರಕ್ಕೆ ಹೋಗಿಲ್ಲ, ಒಂದು ವಾರ ಜ್ವರ, ಒಂದು ವಾರ ಹೆಂಡತಿಯ ತವರು, ಎರಡು ಕನ್ನಡಿ ಇಟ್ಟುಕೊಂಡು ನಾನೇ ಅಂಚು ಕತ್ತರಿಸಿಕೊಂಡೆ, ಕೂದಲು ತೆಳುವಾಗುತ್ತಿದ್ದದ್ದು ಮಾಲತೇಶನಿಗೆ ಗೊತ್ತು, ಪುಡಿ ಗೊತ್ತಿಲ್ಲ, ಬಾಚಣಿಗೆ ತಾಗಿಸಿದ ಕ್ಷಣವೇ ಅದೂ ತಿಳಿಯುತ್ತದೆ, ನೀರು ಚಿಮ್ಮಿಸಿದರಂತೂ ಪುಡಿ ಇಳಿದು ಕೊರಳಿಗೆ ಬರುತ್ತದೆ, ಇಷ್ಟೇ ನನ್ನ ಲೆಕ್ಕಾಚಾರ. ಅವನು ಇನ್ನೊಂದು ಲೆಕ್ಕ ಹಾಕಿದ. ಯಾರೋ ಹೇಳಿದರಂತೆ, ಕೊಟ್ರೇಶಿ ಈಗ ದಾವಣಗೆರೆಯ ಎಸಿ ಪಾರ್ಲರಿಗೆ ಹೋಗ್ತಾನೆ, ನಮ್ಮ ಕೈಗೆ ತಲೆ ಕೊಡೋದು ಅವನಿಗೀಗ ಸರಿಬರಲ್ಲ, ಕಳೆದ ವಾರ ಫೋನು ಬಂತು, ನಮಸ್ಕಾರವಿಲ್ಲ, ಏನಿಲ್ಲ, ಬರೋ ಮಂಗಳವಾರ ನನ್ನ ಹೊಸ ಅಂಗಡಿ, ಮೊದಲ ತಲೆ ನಿಂದು ಅಂತ ಎಲ್ರಿಗೂ ಹೇಳೀನಿ, ಬರಾಕೆ ಆಗ್ತೈತೋ ಇಲ್ಲ ನನ್ನ ಕೈನೂ ನಿನಗೆ ಹೊಲಸಾತೋ, ಅದನ್ನ ಬಾಯಿಬಿಟ್ಟು ಹೇಳಿಬಿಡು — ಅಪ್ಪನಿಗೆ ಗೌಡರು ಅಂದದ್ದನ್ನು ನಾನು ಮಾಲತೇಶನಿಗೆ ಅಂದಂತಾಯಿತು, ಬಾಯಿ ಬಿಡದೆಯೇ. ಹೊಸ ಅಂಗಡಿಯ ಕುರ್ಚಿಯಲ್ಲಿ ಮೊದಲು ಕೂರುವುದು ಗಿರಾಕಿಯಲ್ಲ, ನಮ್ಮವನೊಬ್ಬ, ಎಲೆ ಅಡಿಕೆ ಕೊಟ್ಟು ಕೂರಿಸಿ ತಲೆಗೆ ನೀರು ಹಾಕಿ ಕತ್ತರಿ ಇಡುವುದು, ಆಮೇಲೆ ಅಂಗಡಿ ಊರಿಗೆ ತೆರೆಯುವುದು. ಹೋಗದಿದ್ದರೆ ಅವನು ಮುಗಿದ, ನನ್ನ ಪಾಲಿಗೆ. ಹೋದರೆ ನಾಲ್ಕು ಊರಿನ ಕತ್ತರಿಯವರ ಮುಂದೆ ನಾನು ಮುಗಿದೆ. ಇವತ್ತು ಬೆಳಿಗ್ಗೆ ತಲೆ ತೊಳೆದು ಬೋಳಾಗಿಯೇ ಹೊರಡೋಣ ಎಂದು ಬಚ್ಚಲವರೆಗೆ ಹೋದೆ, ಹಿಂದಕ್ಕೆ ಬಂದು ಡಬ್ಬಿ ತೆಗೆದೆ, ಯಾಕೆ, ನಾಚಿಕೆ ಒಂದೇ ಅಲ್ಲ, ಒಂದು ಕೆಟ್ಟ ಕುತೂಹಲ, ಇವರ ಕಣ್ಣಿಗೂ ಬೀಳದಿದ್ದರೆ ಇನ್ನಾರ ಕಣ್ಣಿಗೂ ಬೀಳದು, ನೋಡೇಬಿಡೋಣ.

ನ್ಯಾಮತಿ, ಬಸ್‌ಸ್ಟ್ಯಾಂಡಿನಿಂದ ಅಂಗಡಿ ಕೂಗಳತೆಯ ದೂರ, ಬಾಗಿಲಿಗೆ ಮಾವಿನೆಲೆ, ಒಳಗೆ ಹೊಸ ಬಣ್ಣದ ವಾಸನೆ, ಹದಿನೈದು ಇಪ್ಪತ್ತು ತಲೆ, ಎಲ್ಲ ತಲೆಗಳೂ ಒಟ್ಟಿಗೆ ನನ್ನ ಕಡೆ ತಿರುಗುತ್ತವೆ, ಯಾರೂ ಮುಖ ನೋಡುವುದಿಲ್ಲ, ಎಲ್ಲರ ಕಣ್ಣೂ ಸೀದಾ ನೆತ್ತಿಗೆ, ಕಸುಬಿನ ಚಾಳಿ, ಜಗಳೂರಿನ ಓಬಳೇಶ್ ಹಲ್ಲು ಕಿರಿದು ಏ ಬಂದ್ನಪ್ಪ ದಾವಣಗೆರೆ ಸಾವ್ಕಾರ, ಏನ್ ಕೂದ್ಲೋ ಮಾರಾಯ, ಗೊಬ್ಬರ ಯಾವ್ದು ಹಾಕೀಯ ಅಂತಾನೆ, ಎಲ್ಲರೂ ನಗುತ್ತಾರೆ, ಮೆಚ್ಚುಗೆಯ ನಗು, ಅಂದರೆ ಕಂಡಿಲ್ಲ, ಕತ್ತರಿಯವರಿಗೂ ಕಂಡಿಲ್ಲ, ಒಳಗೊಳಗೇ ಒಂದು ಹುಳಿ ಸಂತೋಷ, ಹೊನ್ನಾಳಿಯ ರಂಗಣ್ಣ, ನಮ್ಮಲ್ಲೆಲ್ಲ ಹಿರಿಯ, ಅಪ್ಪನ ಜೊತೆ ಕೊಟ್ಟಿಗೆಗಳಲ್ಲಿ ಕೂತವನು, ಊರುಗೋಲಿಗೆ ಗಲ್ಲ ಊರಿ ಹೇಳುತ್ತಾನೆ, ಕೂರೋ ತಮ್ಮಾ, ಹೊತ್ತಾತು. ಮಾಲತೇಶ ಎಲೆ ಅಡಿಕೆ ಕೈಗಿಡುವಾಗಲೂ ಕಣ್ಣು ಎತ್ತುವುದಿಲ್ಲ, ಬಿಳಿ ಬಟ್ಟೆ ಒದರಿ ಕೊರಳಿಗೆ ಸುತ್ತುತ್ತಾನೆ, ಗಂಟು ಬೇಕೆಂದೇ ಬಿಗಿ, ಅವನ ಹೆಂಡತಿ ಅನಿತಾ ತಟ್ಟೆ ಹಿಡಿದು ಕನ್ನಡಿಯ ಪಕ್ಕ ನಿಂತಿದ್ದಾಳೆ, ತಟ್ಟೆಯಲ್ಲಿ ಕುಂಕುಮ ಹಚ್ಚಿದ ಹೊಸ ಕತ್ತರಿ, ನೀರಿನ ಸ್ಪ್ರೇ ಬಾಟಲಿ, ಕನ್ನಡಿಯಲ್ಲಿ ಎಲ್ಲರೂ, ಮಧ್ಯದಲ್ಲಿ ಬಿಳಿ ಬಟ್ಟೆಯ ಗುಡ್ಡೆಯ ಮೇಲೆ ನನ್ನ ದಟ್ಟ ಕಪ್ಪು ಸುಳ್ಳು. ಮಾಲತೇಶನ ಐದು ಬೆರಳು ನೆತ್ತಿಯ ಮೇಲೆ ಕೂರುತ್ತವೆ, ಜರುಗುತ್ತವೆ, ನಿಲ್ಲುತ್ತವೆ. ಗೊತ್ತಾಯಿತು. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಯಿತು, ಮತ್ತೆ ಒಂದು ಸಲ ಮುಟ್ಟುತ್ತಾನೆ, ಈ ಸಲ ಬಹಳ ಮೆತ್ತಗೆ, ಸುಟ್ಟ ಗಾಯ ಮುಟ್ಟುವ ಹಾಗೆ, ಕೊರಳ ಗಂಟು ಸಡಿಲವಾಗುತ್ತದೆ, ಕಿವಿಯ ಹತ್ತಿರ ಬಿಸಿ ಉಸಿರು, ಇದಕ್ಕೇನೋ ಎಂಟು ತಿಂಗಳು ಬರ್ಲಿಲ್ಲ, ಅಂತಾನೆ.

ಮಾಲತೇಶ ನೀರಿನ ಬಾಟಲಿ ಮುಟ್ಟಲಿಲ್ಲ, ಕತ್ತರಿಯನ್ನಷ್ಟೇ ಎತ್ತಿಕೊಂಡು ಗಟ್ಟಿ ದನಿಯಲ್ಲಿ ಇವಂದು ದಟ್ಟ ಕೂದಲು, ಒಣ ತಲೆಗೇ ಕತ್ತರಿ ಇಡ್ತೀನಿ ಅಂದ, ರಂಗಣ್ಣನ ಊರುಗೋಲು ನೆಲ ಕುಟ್ಟಿತು, ಏ ಮಾಲತೇಶಿ, ಬುದ್ಧಿ ಐತೇನೋ, ನೀರು ಮುಟ್ಟಿಸ್ದೆ ಮಾಡಾದು ಹೆಣಕ್ಕೆ, ಹೊಸ ಅಂಗಡಿ, ಮೊದಲ ತಲೆ, ಒಣ ತಲೆಗೆ ಕತ್ತರಿ ಇಟ್ರೆ ಆಗಿಬರ್ತೈತಾ, ನನ್ನ ಅಂಗಡಿ ನನ್ನಿಷ್ಟ ಬಿಡಣ್ಣ ಅಂದ ಮಾಲತೇಶ, ಕನ್ನಡಿಯಲ್ಲಿ ಮೊದಲ ಸಲ ನನ್ನ ಕಣ್ಣು ನೋಡಿ, ಅಲ್ಲಿ ಸಿಟ್ಟಿಲ್ಲ, ಹನ್ನೆರಡು ವರ್ಷ ದುಡಿದು ತೆರೆದ ಬಾಗಿಲಿಗೆ ಹೆಣದ ಮಾತು ಹೊತ್ತುಕೊಳ್ಳಲು ತಯಾರಾಗಿದ್ದಾನೆ, ನನ್ನ ನೆತ್ತಿ ಮುಚ್ಚಿಡಲು, ಅನಿತಾ ಅವನನ್ನೂ ನನ್ನನ್ನೂ ನೋಡುತ್ತಿದ್ದಾಳೆ, ಏನೂ ಅರ್ಥವಾಗದೆ, ಎಲ್ಲವೂ ಅರ್ಥವಾದ ಹಾಗೆ — ನೀರು ಹಾಕೋ, ಅಂದೆ. ಅವನು ಅಲುಗಲಿಲ್ಲ. ಹಾಕೋ ಮಾಲತೇಶಿ, ತಲೆ ಬಗ್ಗಿಸೀನಿ. ತಣ್ಣಗೆ, ಒಂದು ಸಲ, ಎರಡು ಸಲ, ತಲೆಯ ಚರ್ಮಕ್ಕೆ ಎಂಟು ತಿಂಗಳ ಮೇಲೆ ಇನ್ನೊಬ್ಬರ ನೀರು, ಎಷ್ಟು ಹಿತ, ಇದನ್ನು ಯಾಕೆ ಮರೆತಿದ್ದೆ, ಮೊದಲ ಕಪ್ಪು ಹನಿ ಹಣೆಯ ನಡುವೆ ಇಳಿಯಿತು, ಎರಡನೆಯದು ಕಿವಿಯ ಮುಂದೆ, ಬಿಳಿ ಬಟ್ಟೆಯ ಮೇಲೆ ಒಂದು ಗೆರೆ, ಹತ್ತು ಗೆರೆ, ಏನೋ ಅದು ಎಂದ ಓಬಳೇಶನ ನಗು ಅರ್ಧದಲ್ಲೇ ಸಿಕ್ಕಿಕೊಂಡಿತು, ಅವನ ಕೈ ತಾನಾಗಿಯೇ ತನ್ನ ನೆತ್ತಿಯ ಟೋಪಿಗೆ ಹೋಯಿತು, ಟೋಪಿ, ಓಬಳೇಶನಿಗೆ ಯಾವಾಗಿನಿಂದ ಟೋಪಿ, ಕೇಳಬೇಕು, ಹಣೆಯ ಹನಿ ಹುಬ್ಬು ದಾಟಿತು, ಕಣ್ಣಿಗೆ ಇಳಿಯುತ್ತದೆ, ಉರಿಯುತ್ತದೆ, ಅಷ್ಟರಲ್ಲಿ ಮಾಲತೇಶನ ಹೆಬ್ಬೆರಳು ಬಂದು ರೆಪ್ಪೆಯ ಮೇಲೆಯೇ ಅದನ್ನು ಹಿಡಿಯಿತು, ಎತ್ತಿತು, ಕನ್ನಡಿಯಲ್ಲಿ ನನ್ನ ತಲೆಯ ಪಕ್ಕ ಒಂದು ಹೆಬ್ಬೆರಳು, ಕಪ್ಪು, ಹೆಗಲ ಮೇಲೆ ಒಗೆದ ಟವೆಲ್ ಇದೆ, ಒರೆಸಬಹುದು, ಒರೆಸಲಿಲ್ಲ, ಎಲ್ಲರೂ ನೋಡುತ್ತಿದ್ದಾರೆ, ಆ ಹೆಬ್ಬೆರಳನ್ನು ಅವನು ಹಾಗೆಯೇ ಹೊಸ ಕತ್ತರಿಯ ಉಂಗುರದೊಳಗೆ ತೂರಿಸಿದ, ಕಬ್ಬಿಣದ ಮೇಲೆ ಕಪ್ಪು ಅಂಟಿತು, ರಂಗಣ್ಣ ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಆ ಹೆಬ್ಬೆರಳು, ಒರೆಸಿಲ್ಲ, ಕಪ್ಪು, ಉಂಗುರದೊಳಗೆ, ಆ ಹೆಬ್ಬೆರಳು —