ಕುರ್ಚಿ ಸಿಸ್ಟರ್

ಮಕ್ಕಳಿಗೆ ಬರಬೇಕಾದ ಸೀತಾಳೆ ಸಿಡುಬು ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಬಂದು, ಮುಖವೆಲ್ಲ ಗುಳ್ಳೆಯೆದ್ದು, ಹೊದಿಕೆಯೊಳಗೆ ನಾಚಿಕೊಂಡು ಮಲಗಿದ್ದಾಗ, ಆರೋಗ್ಯ ಕೇಂದ್ರದ ಸಿಸ್ಟರ್ ನನ್ನ ಹೆಂಡತಿಯ ಎದುರಿಗೇ ಕೇಳಿದರು: "ಗುಳ್ಳೆ ಏಳೋಕೆ ಮುಂಚೆ ಎರಡು ದಿನ ಎಲ್ಲೆಲ್ಲಿ ಕೂತಿದ್ರಿ ಸರ್?"

"ಕೂರೋದೆಲ್ಲಿ ಬಂತು? ಬೆಳಗ್ಗೆ ಒಂದೂವರೆ ಗಂಟೆ ವಾಕಿಂಗು. ಪಾರ್ಕಿಗೆ ಐದು ಸುತ್ತು."

ಸಿಸ್ಟರ್ ಮಂಚದಡಿಯ ಶೂಗಳತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ, ಪೆನ್ಸಿಲ್ ಚೂಪು ಮಾಡಿಕೊಳ್ಳತೊಡಗಿದರು.

ಊರವರು ಇವರಿಗಿಟ್ಟ ಹೆಸರು ಕುರ್ಚಿ ಸಿಸ್ಟರ್. ಎಲ್ಲರ ಕುರ್ಚಿಯನ್ನೂ ವಿಚಾರಿಸುವ ಈ ಮಹಾತಾಯಿ ತಾವು ಯಾರ ಮನೆಯಲ್ಲೂ ಕೂತವರಲ್ಲ. ಮಾಸಿದ ನೀಲಿ ಕೋಟಿನ ಎಡಜೇಬಿನಲ್ಲಿ ದಪ್ಪ ಪುಸ್ತಕವೊಂದು ಸದಾ ಜೋತುಬಿದ್ದಿರುವುದರಿಂದ, ಅವರ ನಡಿಗೆಯೂ ಭಾರ ಹೆಚ್ಚಾದ ತಕ್ಕಡಿಯಂತೆ ಕೊಂಚ ಎಡಕ್ಕೆ ವಾಲಿರುತ್ತದೆ. ರೋಗಿ ಹಾಲಿಗೆ ಹೋದ ಹೊತ್ತಿಗೇ ಹಾಲಿನಂಗಡಿಗೆ, ಬಸ್ಸು ಹಿಡಿದ ಹೊತ್ತಿಗೇ ನಿಲ್ದಾಣಕ್ಕೆ, ಅದೇ ದಾರಿಯಲ್ಲಿ, ಅದೇ ಕ್ರಮದಲ್ಲಿ ನಡೆದುಹೋಗಿ, ಅಲ್ಲಿ ನಿತ್ಯವೂ ಸೇರುವ ಮುಖಗಳನ್ನು ಗುರುತು ಹಾಕಿಕೊಳ್ಳುವುದು ಅವರ ಹಟ. "ರೋಗಕ್ಕೆ ಕಾಲಿಲ್ಲ, ನಮ್ಮ ಕಾಲಲ್ಲೇ ಓಡಾಡುತ್ತೆ. ಯಾರ ಜೊತೆ ಇದ್ರಿ ಅಂದ್ರೆ ಜನ ಮರೀತಾರೆ, ಕೂತ ಜಾಗ ಮರೆಯಲ್ಲ" ಎನ್ನುತ್ತಾರೆ.

ಪೆನ್ಸಿಲ್ ಚೂಪಾಯಿತು. "ನೀವು ಕೂತಲ್ಲಿ ಬಸುರಿ ಯಾರಾದ್ರೂ ಇದ್ರಾ? ಅವರಿಗಿದು ತಗುಲಿದ್ರೆ ತಾಯಿ ಮಗು ಇಬ್ಬರಿಗೂ ಕಷ್ಟ ಸರ್."

ನಾನು ಮೂರು ತಿಂಗಳಿಂದ ವಾಕಿಂಗಿನ ಹೆಸರಲ್ಲಿ ಚದುರಂಗವಾಡುತ್ತಿದ್ದ ದರ್ಜಿಯ ಅಂಗಡಿಯಲ್ಲಿ, ನನ್ನಿಂದ ಒಂದು ಮಾರು ದೂರದಲ್ಲಿ, ಅವನ ಏಳು ತಿಂಗಳ ಬಸುರಿ ಸೊಸೆ ಗುಂಡಿ ಹೊಲಿಯುತ್ತಿರುತ್ತಿದ್ದಳು. ಎಲ್ಲವನ್ನೂ ಒಪ್ಪಿಕೊಂಡೆ.

"ಅದಕ್ಕೇ ನಡೆದೂ ನಡೆದೂ ನಿಮ್ಮ ಶೂ ಹೊಸದಾಗ್ತಾ ಇತ್ತು!" ಎಂದಳು ಹೆಂಡತಿ.

"ಬಾಗಿಲ ಕಡೆನಾ, ಒಳಗಡೆನಾ? ಫ್ಯಾನು ಯಾವ ಕಡೆ ತಿರುಗ್ತಿತ್ತು?" ಎಂದಷ್ಟೇ ಕೇಳಿ ಬರೆದುಕೊಂಡ ಸಿಸ್ಟರ್ ಹೊರಟೇಬಿಟ್ಟರು. ಅಂದು ಸಂಜೆಯೇ ಹುಡುಗಿಯ ರಕ್ತ ಪರೀಕ್ಷೆಗೆ ಹೋಯಿತು; ಅವಳಿಗೆ ಈ ಬೇನೆ ಹಿಂದೆಂದೂ ಬಂದಿರಲಿಲ್ಲವೆಂದು ತಿಳಿದು, ಮರುದಿನವೇ ಇಂಜೆಕ್ಷನ್ ಕೊಟ್ಟರು. ಅವಳಿಗೆ ಒಂದೇ ಒಂದು ಗುಳ್ಳೆಯೂ ಏಳಲಿಲ್ಲ.

ಇಂಥವರ ಕೆಲಸ ಕೈಗೂಡಿದ ದಿನ ಊರಿನಲ್ಲಿ ಏನೂ ನಡೆದಿರುವುದಿಲ್ಲ. ಆದ್ದರಿಂದಲೇ ಉಪಕಾರ ಸ್ಮರಿಸಹೊರಟವರಿಗೆ ಬೆರಳಿಟ್ಟು ತೋರಿಸಲು ಏನೂ ಸಿಕ್ಕುವುದಿಲ್ಲ. ನನಗೆ ಮಾತ್ರ ಸಿಕ್ಕಿದೆ: ದರ್ಜಿಯ ಅಳತೆ ಟೇಪನ್ನು ಬಾಯಿಗಿಟ್ಟು ಜೊಲ್ಲು ಸುರಿಸುವ ಆರು ತಿಂಗಳ ಹೆಣ್ಣುಕೂಸು. ಮೊನ್ನೆ ಅದನ್ನು ನೋಡಲು ಬಂದು, ಎಂದಿನಂತೆ ನಿಂತೇ ಇದ್ದ ಸಿಸ್ಟರನ್ನು, ಕೃತಜ್ಞತೆ ಹೇಳಲು ಹೋದವನು ಅದರ ಬದಲು ಕೇಳಿದೆ: "ಅವತ್ತು ನನ್ನ ಸುಳ್ಳು ಹೇಗೆ ಗೊತ್ತಾಯ್ತು ಸಿಸ್ಟರ್? ಶೂ ನೋಡಿನಾ?"

"ಇಲ್ಲ ಸರ್, ಹೊಟ್ಟೆ ನೋಡಿ."