ಆಚಾರಿ ಬದಿಗಿಟ್ಟ ಕತ್ತಿ

ನನ್ನ ಮೇಲೆ ಯಾರೋ ಪಂಚಾಯತಿಗೆ ಪರಾತಿ ಕೊಟ್ಟಿದ್ದಾರೆ ಅಂತ ಗೊತ್ತಾದದ್ದು ಸೋಮವಾರ. ಪರಾತಿ ಅಂದರೆ ದೂರು; ಮಲಯಾಳದ ಆಫೀಸಿನಲ್ಲಿ ಕೂತರೆ ಕನ್ನಡಕ್ಕೂ ಅದೇ ಗಾಳಿ ತಾಗ್ತದೆ. ಫೋನ್ ಮಾಡಿದ ಗುಮಾಸ್ತ ಹೇಳಿದ್ದು ಇಷ್ಟೇ. ಕಾಡುಹಂದಿ ಹೊಡೆಯಲಿಕ್ಕೆ ಪಂಚಾಯತಿ ಒಪ್ಪಿಗೆ ಕೊಟ್ಟವರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಬೇಕು ಅಂತ ಒಬ್ಬರು ಬರೆದು ಕೊಟ್ಟಿದ್ದಾರೆ, ಬುಧವಾರ ಹನ್ನೊಂದು ಗಂಟೆಗೆ ಕೋವಿಯ ಲೈಸನ್ಸ್ ಹಿಡಿದುಕೊಂಡು ಪ್ರೆಸಿಡೆಂಟರ ಎದುರು ಬನ್ನಿ. ಕೊಟ್ಟದ್ದು ಯಾರು ಅಂತ ಕೇಳಿದೆ. ಹೇಳಲಿಕ್ಕೆ ಆಗುವುದಿಲ್ಲ. ಎಂತ ಬರೆದಿದ್ದಾರೆ ಅಂತ ಕೇಳಿದೆ. ಅದೂ ಹೇಳಲಿಕ್ಕೆ ಆಗುವುದಿಲ್ಲ. ಮತ್ತೆ ಫೋನ್ ಮಾಡಿದ್ದು ಎಂತಕ್ಕೆ ಮಾರಾಯ, ನನ್ನ ಮಂಡೆ ಬಿಸಿ ಮಾಡಲಿಕ್ಕಾ?

ಕಾರಡ್ಕದ ಈಚೆ ಬದಿಯಲ್ಲಿ ಬರೇ ಚೆನ್ನಪ್ಪ ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೋವಿ ಚೆನ್ನಪ್ಪ ಅನ್ನಬೇಕು. ಮೂವತ್ತೊಂದು ವರ್ಷದ ಲೈಸನ್ಸ್ ನನ್ನದು. ಮರಗೆಣಸಿಗೆ, ಬಾಳೆಗೆ ಹಂದಿ ನುಗ್ಗಿತು ಅಂದರೆ ನಾಲ್ಕು ಊರಿನವರು ಮೊದಲು ಫೋನ್ ಮಾಡುವುದು ನನಗೆ. ಪಟ್ಟಿಯಿಂದ ಹೆಸರು ಹೋದರೆ ನಾಳೆ ಲೈಸನ್ಸ್ ಹೊಸತು ಮಾಡುವಾಗ ಕಾರಣ ಕೇಳ್ತಾರೆ, ಕೋವಿಯೂ ಹೋಗ್ತದೆ. ಕೋವಿ ಇಲ್ಲದ ಕೋವಿ ಚೆನ್ನಪ್ಪ ಅಂದರೆ ಎಂತ? ಹಲ್ಲು ಹೋದ ನಾಯಿಗಾದರೂ ಜನ ಸ್ವಲ್ಪ ಹೆದರ್ತಾರೆ.

ಪರಾತಿ ಯಾವುದರ ಬಗ್ಗೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾಂಸದ್ದೇ. ಹೊಡೆದ ಹಂದಿಯನ್ನು ಸೀಮೆಎಣ್ಣೆ ಹೊಯ್ದು ಹೂಳಬೇಕು, ಒಂದು ತುಂಡೂ ಮನೆಗೆ ತರಬಾರದು ಅಂತ ಕಾನೂನು. ನಾನು ತಂದವನಲ್ಲ, ದೇವರಾಣೆ. ಆದರೆ ಸೀಮೆಎಣ್ಣೆ ಹೊಯ್ಯುವಾಗ ಸುತ್ತ ನಿಂತವರ ಮೋರೆ ನೋಡಬೇಕು ನೀವು. ಸ್ವಂತ ಚಿಕ್ಕಪ್ಪ ಸತ್ತಾಗಲೂ ಅಷ್ಟು ದುಃಖಪಟ್ಟವರಲ್ಲ. ಅವರಲ್ಲಿ ಒಬ್ಬ ಹೊಟ್ಟೆಯುರಿಗೆ ಬರೆದಿರಬೇಕು. ಆ ಒಬ್ಬ ಯಾರು ಅಂತಲೂ ನನಗೆ ಗೊತ್ತಿತ್ತು.

ಕೂಸಪ್ಪ. ನೆರೆಮನೆಯವ, ಹದಿನೆಂಟು ವರ್ಷದಿಂದ ಹಂದಿಗೆ ಹೋಗುವಾಗೆಲ್ಲ ನನ್ನ ಒಟ್ಟಿಗೆ ಬರುವವ. ಕಳೆದ ತಿಂಗಳು ಅವನದ್ದೇ ಬಾಳೆತೋಟಕ್ಕೆ ಹಂದಿ ಬಂತು ಅಂತ ಬೆಳಗಾಗುವ ಹೊತ್ತಿಗೆ ಹೋಗಿ ಕೂತಿದ್ದೆವು. ಮಂಜು ಇತ್ತು. ಬೇಲಿಯ ಬುಡದಲ್ಲಿ ಕಪ್ಪು ಬೆನ್ನು ಅಲ್ಲಾಡಿತು. ಗುರಿ ಹಿಡಿದೆ, ಬೆರಳು ಇಟ್ಟೆ, ಈ ಮನುಷ್ಯ ಕೈಯಲ್ಲಿ ಕೋವಿಯ ನಳಿಗೆಗೆ ಕೆಳಗಿನಿಂದ ಒಂದು ಕೊಟ್ಟ. ಗುಂಡು ಆಕಾಶಕ್ಕೆ ಹೋಯಿತು. ಹಂದಿಯೂ ಹೋಯಿತು. ಎಂತದು ನಿನ್ನ ಅವಸ್ಥೆ ಅಂತ ಬೈದರೆ ಅಲ್ಲೇ ಮಣ್ಣಿನಲ್ಲಿ ಕೂತು ಬೆವರ್ತಾ ಇದ್ದ. ಆ ದಿನದಿಂದ ನನ್ನ ಜಗಲಿಗೆ ಕಾಲು ಹಾಕಿಲ್ಲ. ಆ ಹಂದಿಯನ್ನು ಅವನು ಉರುಳು ಹಾಕಿ ತಿನ್ನಲಿಕ್ಕೆ ಇಟ್ಟುಕೊಂಡಿದ್ದಾನೆ, ಅದಕ್ಕೆ ನನ್ನನ್ನು ದೂರ ಮಾಡಬೇಕು, ಅದಕ್ಕೆ ಪರಾತಿ. ಲೆಕ್ಕ ಸರಿಯಾಗಿತ್ತು.

ಇದರ ನಡುವೆ ನನ್ನ ಕತ್ತಿ. ಇಪ್ಪತ್ತು ವರ್ಷ ಮಸೆದು ಮಸೆದು ಎಲೆಯಷ್ಟು ತೆಳ್ಳಗಾದದ್ದು, ಭಾನುವಾರ ಗೂಟ ಕೊಚ್ಚುವಾಗ ತುದಿ ಹಾರಿಹೋಯಿತು. ಬುಧವಾರ ಪ್ರೆಸಿಡೆಂಟರು ಆ ಪರಾತಿಯನ್ನು ಹರಿದು ಹಾಕಿ ಹಂದಿ ಹೊಡೆಯುವ ಹೊಸ ಆರ್ಡರು ಕೊಡುವುದು ಖಂಡಿತ, ಆಗ ಕತ್ತಿ ಇಲ್ಲ ಅಂದರೆ ಆಗ್ತದಾ? ಪೊದರು ಸವರಬೇಕು, ಹಗ್ಗ ಕೊಯ್ಯಬೇಕು, ಗೂಟ ಚೂಪು ಮಾಡಬೇಕು, ಹೊಂಡ ತೋಡುವಾಗ ಬೇರು ಕಡಿಯಬೇಕು, ಪೆಟ್ಟು ತಿಂದ ಹಂದಿ ನರಳ್ತಾ ಇದ್ದರೆ ಕುತ್ತಿಗೆಗೆ ಇಳಿಯಬೇಕು. ಒಂದೇ ಕತ್ತಿ, ಎಲ್ಲದಕ್ಕೂ. ಆದರೆ ಚರ್ಮ ಸುಲಿಯುವ ಕತ್ತಿಯ ಹಾಗೆ ತೆಳ್ಳಗೆ ಬಾಗಿರಬಾರದು. ಅದನ್ನು ಸೊಂಟದಲ್ಲಿ ನೋಡಿದರೆ ಮಾಂಸದ ಸುದ್ದಿಗೆ ನಾನೇ ಸಾಕ್ಷಿ ಕೊಟ್ಟ ಹಾಗೆ.

ಮಂಗಳವಾರ ಬೆಳಿಗ್ಗೆ ಹೊರಟೆ. ಒಬ್ಬರೇ ಹೋಗಬೇಡಿ, ನಾನೂ ಬರ್ತೇನೆ ಅಂದಳು ಹೆಂಡತಿ ಅಮ್ಮಣ್ಣಿ. ಕತ್ತಿಗೆ ಹೆಂಗಸರು ಎಂತಕ್ಕೆ ಅಂತ ಹೇಳಿ ಬಸ್ ಹತ್ತಿದೆ.

ಮೊದಲು ನಾಯ್ಮಾರ್ಮೂಲೆಯಲ್ಲಿ ಉನೈಸನ ಅಂಗಡಿ. ಪೈಪು, ಬೀಗ, ಪೈಂಟು, ಈಗ ಹೊಸತಾಗಿ ಗಾಜಿನ ಪೆಟ್ಟಿಗೆಯಲ್ಲಿ ಕತ್ತಿಗಳು. ಬ್ಯಾರಿ ಹುಡುಗ, ಬಾಯಿ ತುಂಬ ಮರ್ಯಾದೆ. ಕೂತ್ಕೊಳ್ಳಿ ಚೆನ್ನಪ್ಪಣ್ಣ, ಚಾ ತರಿಸ್ತೇನೆ ಅಂದ. ಅತಿ ವಿನಯಂ ಧೂರ್ತ ಲಕ್ಷಣಂ. ಚಾ ಬೇಡ, ಕತ್ತಿ ತೋರಿಸು ಅಂದೆ. ಕಪ್ಪು ಬಣ್ಣದ್ದೊಂದು ತೆಗೆದ. ಬೆನ್ನಿನಲ್ಲಿ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಕು ತೋರಿಸುವ ಮುಳ್ಳು. ಕಾಡಿನಲ್ಲಿ ದಾರಿ ತಪ್ಪಿದರೆ ಉಪಯೋಗಕ್ಕೆ ಬರ್ತದೆ ಅಂತೆ. ಕಾರಡ್ಕದಲ್ಲಿ ದಾರಿ ತಪ್ಪಿದವ ಯಾವ ಬದಿಗೆ ನಡೆದರೂ ಕಾಲು ಗಂಟೆಯಲ್ಲಿ ಒಂದು ಗೂಡಂಗಡಿ ಸಿಗ್ತದೆ ಮಾರಾಯ. ಹಿಡಿಗೆ ತಟ್ಟಿ ನೋಡಿದೆ, ಒಳಗೆ ಟೊಳ್ಳು. ಅಲಗಿನ ಕಬ್ಬಿಣ ಹಿಡಿಯ ಒಳಗೆ ಕೊನೆಯ ತನಕ ಹೋಗಿರಬೇಕು. ಇದರಲ್ಲಿ ಎರಡು ಬೆರಳು ಹೋಗಿ ನಿಂತಿದೆ. ನಾಲ್ಕು ಗೂಟ ಕೊಚ್ಚಿದರೆ ಹಿಡಿ ಕೈಯಲ್ಲಿ, ಅಲಗು ಹೊಂಡದಲ್ಲಿ.

ಇನ್ನೊಂದು ತೆಗೆದ, ಬೆಳ್ಳಿಯ ಹಾಗೆ ಹೊಳೆಯುವ ಸ್ಟೀಲು. ತುಕ್ಕು ಹಿಡಿಯುವುದೇ ಇಲ್ಲ ಅಂದ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮೊಂಡಾದ ಮೇಲೆ ತೋಡಿನ ಕಲ್ಲಿಗೆ ಉಜ್ಜಿದರೆ ಅದು ಹರಿತ ಆಗ್ತದಾ ಅಂತ ಕೇಳಿದೆ. ಡಬ್ಬದ ಮೇಲೆ ಎಲ್ಲ ಬರೆದಿದೆ, ಓದಿ ನೋಡಿ ಅಂತ ಕೈಗೆ ಕೊಟ್ಟ. ಅಚ್ಚು ಹಾಕಿದ್ದನ್ನು ಯಾರು ನಂಬ್ತಾರೆ? ತಿರುಗಿಸಿ ಕೊಟ್ಟೆ. ನಿಮಗೆ ಯಾವ ಕೆಲಸಕ್ಕೆ ಅಂತ ಕೇಳಿದ ಆಗ. ಅದನ್ನು ಕೇಳುವ ಅಗತ್ಯ ಎಂತ ಇವನಿಗೆ, ಯಾರು ಕೇಳಲಿಕ್ಕೆ ಹೇಳಿದ್ದಾರೆ? ತರಕಾರಿ ಹೆಚ್ಚಲಿಕ್ಕೆ ಅಂತ ಹೇಳಿ ಇಳಿದು ಬಂದೆ.

ಅಲ್ಲಿಂದ ತಿರುಗಿ ಕಾರಡ್ಕಕ್ಕೆ, ಜನಾರ್ದನ ಆಚಾರಿಯ ಕುಲುಮೆಯ ಕೊಟ್ಟಿಗೆಗೆ. ನನ್ನ ಹಳೆಯ ಕತ್ತಿ ಮಾಡಿದ್ದು ಇವನ ಅಪ್ಪ. ಇವನೂ ಕೆಲಸಗಾರ, ಸುಳ್ಳು ಹೇಳಬಾರದು. ಲಾರಿಯ ಸ್ಪ್ರಿಂಗ್ ಪಟ್ಟಿ ಕಡಿದು, ಕಾಯಿಸಿ, ಬಡಿದು ಮಾಡ್ತಾನೆ. ಆದರೆ ನಾನು ಮೆಟ್ಟಲು ಹತ್ತುವಾಗ ಅವನು ಎದುರಿಗಿದ್ದ ಒಂದು ಕತ್ತಿಯನ್ನು ಕಾಲಿನಲ್ಲಿ ಮೆಲ್ಲ ಹಿಂದಕ್ಕೆ, ಗೋಣಿಯ ಅಡಿಗೆ ತಳ್ಳಿದ. ನನಗೆ ಕಾಣುವುದಿಲ್ಲ ಅಂತ ಎಣಿಸಿದ್ದಾನೆ.

ಬೇರೆ ಎರಡು ಕತ್ತಿ ತಂದು ನೆಲದ ಮೇಲೆ ಇಟ್ಟ. ಕತ್ತಿಯನ್ನು ಕೈಯಿಂದ ಕೈಗೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲ, ಕೊಟ್ಟವರಿಗೂ ತೆಗೊಂಡವರಿಗೂ ಜಗಳ ಆಗ್ತದೆ. ನಾನೇ ಎತ್ತಿ ನೋಡಿದೆ. ಒಂದು ಗೇಣು ಉದ್ದ, ಸರಿ. ಅದಕ್ಕಿಂತ ಉದ್ದವಾದರೆ ಪೊದರಿಗೆ ಸಿಕ್ಕಿಕೊಳ್ತದೆ, ಗಿಡ್ಡವಾದರೆ ಕೊಚ್ಚಲಿಕ್ಕೆ ಭಾರ ಸಾಲದು. ಬೆನ್ನು ದಪ್ಪ, ಬಾಯಿ ತೆಳು, ಪೇರಳೆ ಮರದ ಹಿಡಿ, ಮೂರು ರಿವೀಟು. ಒಣ ತೆಂಗಿನ ಚಿಪ್ಪಿಗೆ ಒಂದು ಹಾಕಿದೆ, ಬಾಯಿ ಮಡಚಲಿಲ್ಲ, ಚಕ್ಕೆ ಏಳಲಿಲ್ಲ. ಇಷ್ಟು ಒಳ್ಳೆಯದನ್ನು ಎದುರಿಗೆ ಇಟ್ಟಿದ್ದಾನೆ ಅಂದರೆ ಇದಕ್ಕಿಂತ ಒಳ್ಳೆಯದು ಒಳಗೆ ಉಂಟು ಅಂತಲೇ ಅರ್ಥ. ಯಾರಿಗೆ ಅದು? ಕೂಸಪ್ಪನಿಗೆ ಇರಬೇಕು. ಇಬ್ಬರೂ ಶನಿವಾರ ಒಟ್ಟಿಗೆ ಕೂತು ಮಾತಾಡಿದ್ದನ್ನು ಊರೇ ನೋಡಿದೆ.

ಗೋಣಿಯ ಅಡಿಯದ್ದು ಕೊಡು ಅಂದೆ. ಅದು ಮಾರುವುದಕ್ಕೆ ಇಟ್ಟದ್ದಲ್ಲ, ಹದ ಹಾಕುವಾಗ ನೀರಿನಲ್ಲಿ ಬಿರುಕು ಬಿಟ್ಟಿದೆ, ಕಾಯಿಸಿ ಬೇರೆ ಎಂತಾದರೂ ಮಾಡಬೇಕು ಅಂದ. ನಾನೇ ಬಗ್ಗಿ ಎಳೆದು ತೆಗೆದೆ. ಕೈಗೆ ಕೂತ ಚಂದ ನೋಡಿದರೆ ಅವನು ಅಡಗಿಸಿದ್ದು ಸುಮ್ಮನೆ ಅಲ್ಲ ಅನ್ನಿಸಿತು. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದೆ. ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ. ನೀರಿನ ಹಾಗೆ ನುಣ್ಣಗೆ.

“ಎಲ್ಲಿ ಉಂಟು ನಿನ್ನ ಬಿರುಕು?”

ಆಚಾರಿ ಎದ್ದು ಬಂದ. ಮಸಿ ಬೆರಳಿನಲ್ಲಿ ಅಲಗಿನ ಮೇಲೆ ಇಲ್ಲಿಂದ ಇಲ್ಲಿಯವರೆಗೆ ಅಂತ ಒಂದು ಬೆರಳುದ್ದ ತೋರಿಸಿದ. ನಾನು ನಕ್ಕೆ. ಮೂವತ್ತೊಂದು ವರ್ಷ ಗುರಿ ಹಿಡಿದ ಕಣ್ಣಿಗೆ ಬೂದಿ ಹಾಕ್ತೀಯಾ ಅಂತ ಕೇಳಿದೆ. ಕೂಸಪ್ಪ ಎಷ್ಟು ಕೊಡ್ತಾನೆ ಇದಕ್ಕೆ ಅಂತಲೂ ಕೇಳಿದೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ನನ್ನ ಹೆಬ್ಬೆರಳು ಹಿಡಿದು ಉಗುರನ್ನು ಅಲಗಿನ ಮೇಲೆ ಇಟ್ಟು ಮೆಲ್ಲ ಎಳೆದ.

ಉಗುರು ಸಿಕ್ಕಿಕೊಂಡಿತು.

ಅವನ ಕೈ ಬಿಡಿಸಿ ನಾನೇ ಎಳೆದೆ. ಪುನಃ ಸಿಕ್ಕಿತು, ಅದೇ ಜಾಗದಲ್ಲಿ. ಬಿಸಿಲಿಗೆ ಹಿಡಿದು ಕಣ್ಣಿನ ಹತ್ತಿರ ತಂದೆ, ದೂರ ಹಿಡಿದೆ. ಉಗುರಿಗೆ ಸಿಗುವುದು ಕಣ್ಣಿಗೆ ಸಿಗಲಿಲ್ಲ. ಹೆದರಿಕೆಯೇ ಆಯಿತು ನನಗೆ, ಬೇರೆ ಹೆಸರು ಎಂತ ಕೊಡುವುದು?

ಆಚಾರಿ ಕತ್ತಿಯನ್ನು ಕೇಳಲಿಲ್ಲ, ಕಸಿಯಲೂ ಇಲ್ಲ. ನಾನು ನೆಲದ ಮೇಲೆ ಇಡುವ ತನಕ ಕಾದ. ಮತ್ತೆ ತಗ್ಗಿದ ಸ್ವರದಲ್ಲಿ ಹೇಳಿದ: “ಕೂಸಪ್ಪಣ್ಣ ಶನಿವಾರ ಇಲ್ಲಿ ಕೂತು ಅತ್ತದ್ದು ಹೌದು ಚೆನ್ನಪ್ಪಣ್ಣ. ಎಂತಕ್ಕೆ ಅಂತ ಮನೆಯಲ್ಲಿ ಕೇಳಿ.”

ಕತ್ತಿ ತೆಗೊಳ್ಳದೆ ಇಳಿದೆ. ಬಸ್ ಸ್ಟಾಂಡಿನಲ್ಲಿ ನಿಂತು, ಯಾರೂ ನೋಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಎಡಗಣ್ಣಿಗೆ ಕೈ ಮುಚ್ಚಿದೆ. ಎದುರಿಗೆ ಬಸ್ ಇತ್ತು, ಮಂಜಿನಲ್ಲಿ ನಿಂತ ಹಾಗೆ. ಬಲಗಣ್ಣಿಗೆ ಮುಚ್ಚಿದೆ. ಬಸ್ ಇರಲಿಲ್ಲ. ಕೈ ತೆಗೆದೆ, ಪುನಃ ಮುಚ್ಚಿದೆ. ಎಷ್ಟು ಸಲ ನೋಡಿದರೂ ಎಡಗಣ್ಣಿಗೆ ಬಸ್ ಬರಲಿಲ್ಲ. ಎಷ್ಟು ಕಾಲದಿಂದ ಹೀಗೆ ಅಂತ ನನಗೇ ಗೊತ್ತಿಲ್ಲ.

ಅಮ್ಮಣ್ಣಿ ಜಗಲಿಯಲ್ಲಿ ಕೂತು ಹುರುಳಿ ಆರಿಸ್ತಾ ಇದ್ದಳು. ಕೂಸಪ್ಪ ಎಂತಕ್ಕೆ ಅತ್ತದ್ದು ಅಂತ ನಿಂತಲ್ಲೇ ಕೇಳಿದೆ. ಗೆರಸೆ ಕೆಳಗೆ ಇಟ್ಟಳು. ಆ ದಿನ ಬೇಲಿಯ ಬುಡದಲ್ಲಿ ಬಗ್ಗಿದ್ದದ್ದು ಹಂದಿ ಅಲ್ಲ ಅಂತ ಹೇಳಿದಳು. ಕೂಸಪ್ಪನ ಸೊಸೆ ಭವ್ಯಶ್ರೀ. ಹಗ್ಗ ಬಿಚ್ಚಿಕೊಂಡ ಕರುವನ್ನು ಹುಡುಕಿಕೊಂಡು ಬಂದಿದ್ದಳಂತೆ, ಮೈಮೇಲೆ ಕಪ್ಪು ಶಾಲು. ಗುಂಡಿನ ಶಬ್ದ ಕೇಳಿ ಓಡಿದ್ದಾಳೆ. ಹಂದಿಗೆ ಹೊಡೆದದ್ದು ಅಂತಲೇ ಅವಳು ಇವತ್ತಿಗೂ ತಿಳಿದದ್ದು. ಕೂಸಪ್ಪ ಮಗನಿಗೂ ಹೇಳಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಆಗದೆ ಅಮ್ಮಣ್ಣಿಗೆ ಹೇಳಿದ್ದಾನೆ, ಆಚಾರಿಗೆ ಹೇಳಿದ್ದಾನೆ, ಬೇರೆ ಯಾರಿಗೂ ಇಲ್ಲ.

ಕಂಬ ಹಿಡಿದು ಕೂತೆ. ಮದುವೆಯಾಗಿ ಬಂದ ವಾರವೇ ನಮ್ಮ ಮನೆಗೆ ಬಂದು, ಮಾವನ ಸ್ನೇಹಿತರು ಅಂತ ನನ್ನ ಕಾಲು ಮುಟ್ಟಿದ ಹುಡುಗಿ ಅವಳು. ನಾನು ಅತ್ತೆ. ನಾಚಿಕೆ ಎಂತ, ಜೋರಾಗಿಯೇ ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಹೇಳಿದೆ, ಹಾಗಾದರೆ ಕೂಸಪ್ಪ ಪರಾತಿ ಬರೆದದ್ದು ತಪ್ಪಲ್ಲ ಅಂತ.

“ಅವರು ಬರೆಯಲಿಲ್ಲ. ಬರೆಯಬೇಡಿ, ಚೆನ್ನಪ್ಪಣ್ಣನ ಹೆಸರು ಹೋಗ್ತದೆ ಅಂತ ನನ್ನ ಕೈ ಹಿಡಿದು ಬೇಡಿದರು,” ಅಂದಳು ಅಮ್ಮಣ್ಣಿ. “ಬರೆದದ್ದು ನಾನು.”

ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಅಂತಾರಲ್ಲ, ನನಗೆ ಕೆಂಡವೇ ಬಂತು. ಬೊಬ್ಬೆ ಹಾಕಿದೆ. ಒಂದೇ ಚಾಪೆಯಲ್ಲಿ ಮಲಗಿ ಪಂಚಾಯತಿಗೆ ಬರೆಯುವುದಾ, ನನಗೆ ಒಂದು ಮಾತು ಹೇಳಬಾರದಿತ್ತಾ ಅಂತ ಕೇಳಿದೆ. ಹೇಳಿದ್ದೆ ಅಂದಳು. ಎರಡು ವರ್ಷದ ಹಿಂದೆ ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋದಾಗ ನಾನು ಅರ್ಧದಲ್ಲಿ ಎದ್ದು ಬಂದಿದ್ದೆ. ಡಾಕ್ಟರು ಅವಳನ್ನು ಕೂರಿಸಿ ಹೇಳಿದರಂತೆ, ಶುಗರಿನಿಂದ ಎಡಗಣ್ಣಿನ ನರ ಹೋಗಿದೆ, ಅದು ಬರುವುದಿಲ್ಲ, ಬಲಗಣ್ಣೂ ಅದೇ ದಾರಿಯಲ್ಲಿ ಉಂಟು, ಇರುವಷ್ಟನ್ನು ಉಳಿಸಿಕೊಳ್ಳಲಿಕ್ಕೆ ನೋಡಿ ಅಂತ. ಅವಳು ಬಂದು ಹೇಳಿದಾಗ, ಕನ್ನಡಕ ಮಾರುವವರ ಮಾತು ನಂಬ್ತೀಯಾ ಅಂತ ನಾನು ಮೂರು ದಿನ ಬೈದೆನಂತೆ. ಬೈದದ್ದು ನೆನಪುಂಟು ನನಗೆ.

ಗುಮಾಸ್ತನ ಮೇಲೆ ಸಂಶಯ ಪಟ್ಟಿದ್ದೇನೆ, ಉನೈಸನ ಚಾದ ಮೇಲೆ, ಆಚಾರಿಯ ಗೋಣಿಯ ಮೇಲೆ. ಹದಿನೆಂಟು ವರ್ಷ ಒಟ್ಟಿಗೆ ನಡೆದ ಕೂಸಪ್ಪನನ್ನು ಕಳ್ಳ ಮಾಡಿದ್ದೇನೆ. ಇವಳ ಮೇಲೆ ಒಂದು ದಿನವೂ ಸಂಶಯ ಪಟ್ಟವನಲ್ಲ. ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ. ಗೊತ್ತುಂಟು ಅಂದಳು, ಅದಕ್ಕೇ ಬರೆಯುವಾಗ ನನ್ನ ಕೈ ಬರ್ತಾ ಇರಲಿಲ್ಲ ಅಂದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಬೇಡ ಅಂತಾದರೆ ನಾಳೆ ನಾನೇ ಬಂದು ವಾಪಸು ತೆಗೊಳ್ತೇನೆ, ಆದರೆ ಭವ್ಯಶ್ರೀಯ ಮೋರೆ ನಾನು ಹೇಗೆ ನೋಡುವುದು ಅಂತ ಕೇಳಿದಳು.

ಕಾಗದ ತಾ ಅಂದೆ. ವಾಪಸು ತೆಗೊಳ್ಳುವ ಕಾಗದ ಅಂತ ಎಣಿಸಿ ತಂದಳು. ಬರಿ, ಇದು ನನ್ನದು ಅಂದೆ. ನನಗೆ ಕಣ್ಣು ಕಾಣುವುದಿಲ್ಲ, ನನ್ನ ಹೆಸರು ಪಟ್ಟಿಯಿಂದ ತೆಗೆಯಬೇಕು, ಕೋವಿಯನ್ನು ಒಪ್ಪಿಸಲಿಕ್ಕೆ ತಯಾರಿದ್ದೇನೆ, ಹೆಂಡತಿ ಕೊಟ್ಟ ಪರಾತಿ ಸತ್ಯ. ಸತ್ಯ ಅನ್ನುವಲ್ಲಿ ಅವಳ ಪೆನ್ನು ನಿಂತಿತು. ಬರಿ ಮಾರಾಯ್ತಿ ಅಂದೆ. ಬರೆದು ಒಂದು ಸಲ ಓದಿದಳು. ಸಹಿ ಎಲ್ಲಿ ಅಂತ ಕೇಳಿದೆ. ಕಾಗದ ನನಗೆ ಬರೀ ಬಿಳಿ. ನನ್ನ ಬೆರಳು ಹಿಡಿದು ಜಾಗಕ್ಕೆ ಇಟ್ಟಳು.

ಆಫೀಸಿನ ಕಾಗದಕ್ಕೆ ಮೂರು ಸಲ ಓದದೆ ನಾನು ಸಹಿ ಹಾಕಿದವನಲ್ಲ. ನಾನು ಹೇಳಿದ್ದನ್ನೇ ಅವಳು ಬರೆದಳೋ, ಬರೆದದ್ದನ್ನೇ ಓದಿದಳೋ ನೋಡುವ ದಾರಿಯೂ ನನಗೆ ಇರಲಿಲ್ಲ. ನಿನ್ನ ಕೈ ತೆಗೆಯಬೇಡ ಅಂತ ಹೇಳಿ ಸಹಿ ಹಾಕಿದೆ.