ಇನ್ನೊಂದು ನಟ್ಟು

ಅಮ್ಮನ ತಣ್ಣಗಾದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಉಗುರಿನ ಸಂದಿಗಳನ್ನು ಉಜ್ಜುತ್ತಿದ್ದಳು. ಮಸಿ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

“ಸಾಕು ಬಿಡೇ,” ಎಂದಳು ಚಿಕ್ಕಮ್ಮ. “ಮೂವತ್ತು ವರ್ಷದ ಮಸಿ ಅದು. ನಿನ್ನ ಮದುವೆ ದಿನ ಅಷ್ಟು ಉಜ್ಜಿದ್ರೂ ಹೋಗಲಿಲ್ಲ, ಈಗ ಹೋಗುತ್ತಾ?”

ಮಗಳು ಕೈಯನ್ನು ತಿರುಗಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಉದ್ದಕ್ಕೆ ತರಚಿತ್ತು. ಹಳೆಯ ಗಾಯವಲ್ಲ.

“ಅಪ್ಪ, ಇದು ನಿನ್ನೆದಾ?”

ಬಾಗಿಲಿಗೆ ಒರಗಿ ನಿಂತಿದ್ದ ಮೆಕ್ಯಾನಿಕ್ ಹೆಂಡತಿಯ ಕೈಯನ್ನು ನೋಡಿ ಮುಖ ತಿರುಗಿಸಿದ. “ಇಂಜಿನ್ನಿಗೆ ಕೈ ಹಾಕೋರಿಗೆ ತರಚೋದು ಹೊಸದೇನಲ್ಲ.”

“ನಿನ್ನೆ ಕೆಲಸ ಮಾಡಿದ್ಲಾ?”

“ಸ್ವಲ್ಪ ಹೊತ್ತು,” ಎಂದವನೇ ಅಂಗಳಕ್ಕೆ ಇಳಿದುಬಿಟ್ಟ.

*

ಮೂವತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ ಒಂದು ದಿನ ಮೆಕ್ಯಾನಿಕ್ಕನ ಹೆಂಡತಿ ಅವನಿಗೆ ಬುತ್ತಿ ತಂದಾಗ ಅವನು ಒಂದು ಕಾರಿನೊಳಗೆ ತಲೆ ತೂರಿಸಿ ಬೈಯುತ್ತಿದ್ದ. ಒಂದು ನಟ್ಟು ಕೈಜಾರಿ ಇಂಜಿನ್ನಿನ ಸಂದಿಗೆ ಬಿದ್ದಿತ್ತು. ಹಿತ್ತಾಳೆಯದು, ಅಯಸ್ಕಾಂತಕ್ಕೆ ಅಂಟದು. ಹಾಗೆಯೇ ಗಾಡಿ ಚಾಲೂ ಮಾಡಿದರೆ ಬೆಲ್ಟಿಗೆ ಸಿಕ್ಕಿ ಇಂಜಿನ್ನೇ ಹಾಳು. ಬಿಚ್ಚಿ ತೆಗೆಯಲು ಒಂದು ದಿನ ಬೇಕು.

“ಪಕ್ಕಕ್ಕೆ ಸರೀರಿ, ನಾನು ನೋಡ್ತೀನಿ.”

ಅವಳು ಎಡಚಿ. ಬಳೆ ತೆಗೆದಿಟ್ಟು, ಎಡಗೈಯ ತೋರುಬೆರಳಿನ ತುದಿಗೆ ಚೂರು ಗ್ರೀಸು ಮೆತ್ತಿಕೊಂಡು, ಕಡ್ಡಿಯಂಥ ಕೈಯನ್ನು ಕೊಳವೆಗಳ ನಡುವೆ ಇಳಿಸಿ ಕಣ್ಣು ಮುಚ್ಚಿದಳು.

“ಕಣ್ಣು ಮುಚ್ಕೊಂಡು ಹುಡುಕ್ತಾರೇನೇ?”

“ಒಳಗಿರೋದು ಕತ್ತಲೆ. ಕಣ್ಣು ತೆರ್ಕೊಂಡು ಏನ್ ಮಾಡ್ಲಿ?”

ಬೆರಳು ಹೊರಬಂದಾಗ ಗ್ರೀಸಿಗೆ ನಟ್ಟು ಅಂಟಿಕೊಂಡಿತ್ತು. ಅಂದಿನಿಂದ ಬೀದಿಯ ಗ್ಯಾರೇಜುಗಳಿಗೆಲ್ಲ ಅವಳು ಚಿಮಟದ ಹಾಗೆ ಹೆಕ್ಕಿ ತೆಗೆಯುವ ಚಿಮಟಕ್ಕ. ಗಂಡನಿಗೋ ಹೆಮ್ಮೆಯೇ ಹೆಮ್ಮೆ. “ಪಾತಾಳಕ್ಕೆ ಬಿದ್ದಿರಲಿ, ನಮ್ಮವಳು ತೆಗೀತಾಳೆ,” ಎಂದು ಅವಳನ್ನು ಕೇಳುವ ಮೊದಲೇ ಮಾತು ಕೊಟ್ಟುಬಿಡುತ್ತಿದ್ದ. ಅವಳು ನಗುತ್ತಿದ್ದಳು. “ಮಾತು ನಿಮ್ದು, ಕೈ ನಂದು.”

*

ಅಂಗಳದಲ್ಲಿ ಬೀದಿಯ ಜನ ಹಳೆಯ ಟೈರುಗಳ ಮೇಲೆ ಕೂತಿದ್ದರು. ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರ್ ಹೇಳುತ್ತಿದ್ದ: “ನನ್ನ ಉಂಗುರ ರೇಡಿಯೇಟರ್ ಹಿಂದೆ ಬಿದ್ದಾಗ ಅಕ್ಕ ತೆಗೆದುಕೊಟ್ಟು ಏನಂದ್ರು ಗೊತ್ತಾ? ‘ಹೆಂಡತೀನ ಹೀಗೇ ಬೀಳಿಸಿಬಿಟ್ಟೀಯ, ಅವಳನ್ನ ತೆಗೆಯೋಕೆ ನಂಗಾಗಲ್ಲ’ ಅಂತ.” ಒಂದಿಬ್ಬರು ನಕ್ಕು, ನಕ್ಕಿದ್ದಕ್ಕೆ ತಲೆ ತಗ್ಗಿಸಿದರು.

ಆಗ ದರ್ಜಿ ಬಂದ. ಶೆಡ್ಡಿನಲ್ಲಿ ಬಾನೆಟ್ ತೆರೆದು ನಿಂತಿದ್ದ ಕಾರು ಅವನದು.

“ಏನು ಮೇಸ್ತ್ರಿ ಇದು! ಆಯಮ್ಮ ನಿನ್ನೆ ತೋಳು ಹಿಡ್ಕೊಂಡು ಕೂತಿದ್ದು ನೋಡಿ, ನಂಗೇನೂ ಅವಸರ ಇಲ್ಲ, ನಾಳೆ ನಾಡಿದ್ದು ಕೊಡಿ ಅಂತ ಹೇಳಿ ಹೋದೆನಲ್ಲ!”

ಮಗಳು ಹೊಸಿಲಿನಲ್ಲಿ ನಿಂತಿದ್ದಳು. “ಯಾವ ತೋಳು?”

“ಎಡಗಡೇದಮ್ಮ.”

“ಅಪ್ಪ, ಅಮ್ಮ ನೋವು ಅಂದ್ಲಾ? ನಿಂಗೆ ಹೇಳಿದ್ಲಾ?”

ಮೆಕ್ಯಾನಿಕ್ ದರ್ಜಿಯ ಚಪ್ಪಲಿಯನ್ನೇ ನೋಡುತ್ತ ನಿಂತ.

*

ನಿನ್ನೆ ಬಿದ್ದದ್ದು ಎರಡು ನಟ್ಟು. ಬೀಳಿಸಿದವನು ಅವನೇ. ಮೊದಲನೆಯದನ್ನು ಅವಳು ಹತ್ತು ನಿಮಿಷದಲ್ಲಿ ತೆಗೆದಳು.

“ರೀ, ತೋಳು ಸೆಳೀತಿದೆ. ಭುಜದಿಂದ ಬೆರಳಿನವರೆಗೂ. ಇದು ನಾಳೆಗಿರ್ಲಿ.”

“ಬಗ್ಗಿ ಬಗ್ಗಿ ಹಿಡ್ಕೊಂಡಿರುತ್ತೆ. ಇನ್ನೊಂದೇ ಒಂದು ಕಣೇ. ಸಂಜೆಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

ಇಷ್ಟರಲ್ಲೇ ದರ್ಜಿ ಬಂದು, ಅವಸರವಿಲ್ಲವೆಂದು ಹೇಳಿ ಹೋದ. ಆದರೂ ಗಂಡ, “ಹೇಗೂ ಅರ್ಧ ಆಗಿದೆಯಲ್ಲ,” ಎಂದ. ಅವಳು ಮತ್ತೆ ಕೈ ಇಳಿಸಿದಳು. ಅವಳ ಹಣೆಯ ಬೆವರು ಬ್ಯಾಟರಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸೆಕೆ, ಅಂದುಕೊಂಡ. ಅರ್ಧ ಗಂಟೆಯ ಮೇಲೆ ಅವಳು ಕೈಯನ್ನು ಒಮ್ಮೆಲೇ ಎಳೆದುಕೊಂಡಳು, ಚರ್ಮ ಕಿತ್ತು ಬರುವ ಹಾಗೆ.

“ಸ್ವಲ್ಪ ಮಲಗ್ತೀನಿ.”

“ಐದು ನಿಮಿಷ ಮಲಗಿ ಬಾ.”

ಬಾಗಿಲಿನಿಂದಲೇ ಎರಡು ಸಲ ಕೂಗಿದ. “ಏಳೇ, ಬೆಳಕು ಹೋಗುತ್ತೆ.” ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೂರನೆಯ ಸಲ ಸಿಟ್ಟಿನಿಂದಲೇ ಒಳಗೆ ಹೋಗಿ ಭುಜ ಹಿಡಿದು ಅಲುಗಿಸಿದ.

*

ಹೆಣವನ್ನು ವ್ಯಾನಿಗೆ ಏರಿಸಿದ ಮೇಲೆ ನೋಡಿದರೆ ಗಂಡನೇ ಇಲ್ಲ. ಮಗಳು ಶೆಡ್ಡಿಗೆ ಓಡಿದಳು, ಹಿಂದೆಯೇ ಪೇಂಟರ್.

ಮೆಕ್ಯಾನಿಕ್ ದರ್ಜಿಯ ಕಾರಿನ ಮೇಲೆ ಕವುಚಿಕೊಂಡಿದ್ದ. ಅವನ ದಪ್ಪ ತೋಳು ಮೊಣಕೈವರೆಗೂ ಇಂಜಿನ್ನಿನ ಸಂದಿಯಲ್ಲಿ ಹೂತಿತ್ತು. ಅಂಗಿಯ ತೋಳು ರಕ್ತದಲ್ಲಿ ತೊಯ್ದಿತ್ತು.

“ಅಪ್ಪ, ಏನಿದು? ಎಲ್ರೂ ಕಾಯ್ತಿದ್ದಾರೆ, ಬಾ!”

“ಸಿಕ್ಕಿದೆ ಕಣೇ. ಕೈಯಲ್ಲೇ ಇದೆ. ಕೈ ಬರ್ತಿಲ್ಲ.”

ಪೇಂಟರ್ ಡಬ್ಬಿಯಿಂದ ತೋಳಿನ ಉದ್ದಕ್ಕೂ ಎಣ್ಣೆ ಸುರಿದು, ಭುಜ ಹಿಡಿದು ಎಳೆದ. ತೋಳು ಕದಲಲಿಲ್ಲ.

“ಮುಷ್ಟಿ ಬಿಚ್ಚು ಮೇಸ್ತ್ರಿ. ಮುಷ್ಟಿ ಹಿಡಿದ್ರೆ ಹೇಗೆ ಬರುತ್ತೆ?”

“ಬಿಚ್ಚಿದ್ರೆ ಬಿದ್ದುಹೋಗುತ್ತೆ.”

“ಬೀಳಲಿ ಬಿಡಪ್ಪ!” ಮಗಳು ಕಿರುಚಿದಳು.

“ನೋವು ಅಂದ್ಲು,” ಎಂದ ಅವನು. ಕೆನ್ನೆಯನ್ನು ಇಂಜಿನ್ನಿಗೆ ಒತ್ತಿಕೊಂಡಿದ್ದ. “ನಾಳೆಗಿರ್ಲಿ ಅಂದ್ಲು. ನಾನೇ, ಇನ್ನೊಂದೇ ಒಂದು ಅಂದೆ.”

ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಹೊರಗೆ ವ್ಯಾನಿನ ಹಾರ್ನ್ ಒಮ್ಮೆ ಕೂಗಿತು. ತಡೆದು, ಮತ್ತೊಮ್ಮೆ ಕೂಗಿತು.

ಒಳಗೆ ಎಲ್ಲೋ ನಟ್ಟು ಜಾರಿತು. ಒಂದು ಕೊಳವೆಗೆ, ಆಮೇಲೆ ಇನ್ನೊಂದಕ್ಕೆ ಬಡಿಯುತ್ತ, ಸದ್ದು ಸಣ್ಣದಾಗುತ್ತ, ಇಂಜಿನ್ನಿನ ತಳಕ್ಕೆ ಇಳಿದುಹೋಯಿತು. ಪೇಂಟರ್ ತೋಳನ್ನು ಮೆಲ್ಲಗೆ ಎಳೆದು ಹೊರಗೆ ತೆಗೆದ. ಎಣ್ಣೆಯೂ ರಕ್ತವೂ ಸುರಿಯುತ್ತಿದ್ದ ಆ ಕೈಯ ಬೆರಳುಗಳು ಹೊರಬಂದ ಕೂಡಲೇ ಮತ್ತೆ ಬಿಗಿಯಾಗಿ ಮಡಚಿಕೊಂಡವು.